120 ಗಂಟೆ ಕೋರ್ಸ್ ಕೊಳ್ಳಲಾ ಎಂದು ಕೇಳಿದ ತಂಗಿಗೆ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀವು ತಾವು ಬಿಟ್ಟು ಬರೆಯುತ್ತೇನೆ. ನೀನು ಹೇಳಿದ್ದು ಇಷ್ಟು. ವಯಸ್ಸು 27. ಬೆಂಗಳೂರಿನ ವಿಜಯನಗರದ ಒಂದು ಖಾಸಗಿ ಶಾಲೆಯಲ್ಲಿ ಮೂರು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೀಯ. ಬಿ.ಎ. ಆಗಿದೆ, ಬಿ.ಎಡ್. ಆಗಿಲ್ಲ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಥಾಯ್ಲೆಂಡಿಗೋ ವಿಯೆಟ್ನಾಂಗೋ ಹೋಗಿ ಇಂಗ್ಲಿಷ್ ಕಲಿಸುವ ಆಸೆ. ಫೋನಿಗೆ ಒಂದು ಜಾಹೀರಾತು ಬಂದಿದೆ: ಇಂಗ್ಲಿಷ್ ಕಲಿಸಲು ತಯಾರು ಮಾಡುವ 120 ಗಂಟೆಯ ಟೆಫಲ್ ಕೋರ್ಸ್, 5,999 ರೂಪಾಯಿ, ಇವತ್ತು ಮಧ್ಯರಾತ್ರಿವರೆಗೆ ಮಾತ್ರ. ಅದನ್ನು ಕೊಳ್ಳಲಾ, ಬಿ.ಎಡ್. ಮಾಡಲಾ, ಇಲ್ಲಾ ಅಲ್ಲಿಗೆ ಹೋದ ಮೇಲೆ ಅವರೇ ಟ್ರೈನಿಂಗ್ ಕೊಡುತ್ತಾರಾ ಅಂತ ನಿನ್ನ ಪ್ರಶ್ನೆ.

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಾನು ಎಡವಿದ್ದು ಅಲ್ಲೇ. 2012ರಲ್ಲಿ ಹನುಮಂತನಗರದ ಮನೆಯಿಂದ ಎರಡು ಸೂಟ್‌ಕೇಸು, ಒಂದು ಕುಕ್ಕರು, ಅಮ್ಮ ಕಟ್ಟಿಕೊಟ್ಟ ಎರಡು ಕೆ.ಜಿ. ಸಾರಿನ ಪುಡಿ ಹಿಡಿದು ಹೊರಟೆ. ಏಜೆಂಟು ‘ಅಲ್ಲಿ ಒಂದು ವಾರ ಓರಿಯಂಟೇಷನ್ ಇರುತ್ತೆ ಮೇಡಂ, ಎಲ್ಲಾ ಹೇಳಿಕೊಡ್ತಾರೆ’ ಅಂದಿದ್ದ. ನಾನು ಇಳಿದಿದ್ದು ಥಾಯ್ಲೆಂಡಿನ ಈಶಾನ್ಯ ಭಾಗದ ಒಂದು ಸಣ್ಣ ಊರಲ್ಲಿ. ಆ ಸೀಮೆಗೆ ಅವರು ಈಸಾನ್ ಅಂತಾರೆ, ನಮ್ಮ ಈಶಾನ್ಯವೇ ಅದು. ಸೋಮವಾರ ಎಂಟು ಗಂಟೆಗೆ ಧ್ವಜ ಏರಿತು, ರಾಷ್ಟ್ರಗೀತೆ ಆಯಿತು. ಎಂಟೂವರೆಗೆ ನನ್ನ ಕೈಗೆ ಒಂದು ಟೆಕ್ಸ್ಟ್‌ಬುಕ್ಕು, ಎರಡು ಮಾರ್ಕರ್ ಬಂದವು. ಬಾಗಿಲು ತೆಗೆದರೆ ಒಳಗೆ 46 ಮಕ್ಕಳು. ಓರಿಯಂಟೇಷನ್ ಮುಗಿದಿತ್ತು.

ಎಲ್ಲ ಕಡೆ ಹೀಗೇ ಅಂತಲ್ಲ. ದೊಡ್ಡ ಭಾಷಾ ಕೇಂದ್ರಗಳು, ಒಳ್ಳೆಯ ಅಂತರರಾಷ್ಟ್ರೀಯ ಶಾಲೆಗಳು ತಮ್ಮ ಟೀಚರುಗಳಿಗೆ ತರಬೇತಿ ಕೊಡುತ್ತವೆ. ಆದರೆ ಅಂಥ ಕಡೆ ಒಳಗೆ ಸೇರಿಸಿಕೊಳ್ಳುವಾಗಲೇ ಸರ್ಟಿಫಿಕೇಟ್ ಕೇಳುತ್ತಾರೆ. ತರಬೇತಿ ಇಲ್ಲದವರನ್ನು ತಗೊಳ್ಳುವ ಶಾಲೆ ತರಬೇತಿ ಕೊಡುವುದೂ ಇಲ್ಲ. ಯಾರಿಗೆ ತುಂಬಾ ಬೇಕೋ ಅವರಿಗೇ ಸಿಗುವುದಿಲ್ಲ.

ಮೂರು ವರ್ಷ ಹಾಗೇ ಕಲಿಸಿದೆ. ನಾನು ಒಳ್ಳೆಯ ಟೀಚರ್ ಅಂತಲೇ ಅಂದುಕೊಂಡಿದ್ದೆ. ಮಕ್ಕಳು ನಗುತ್ತಿದ್ದರು, ಹಾಡುತ್ತಿದ್ದರು. ಅರ್ಥ ಆಯ್ತಾ ಅಂದರೆ ಒಕ್ಕೊರಲಿನಲ್ಲಿ ಯೆಸ್ ಟೀಚರ್. 2015ರ ಏಪ್ರಿಲ್ ರಜೆಯಲ್ಲಿ ಚೀಟಿ ಎತ್ತಿದ ದುಡ್ಡಿಗೆ ಒಂದು ಬಳೆ ಅಡವಿಟ್ಟ ದುಡ್ಡು ಸೇರಿಸಿ ಬ್ಯಾಂಕಾಕಿನಲ್ಲಿ ಸೆಲ್ಟಾ ಅನ್ನುವ, ಇಂಗ್ಲಿಷ್ ಕಲಿಸುವವರ ತರಬೇತಿ ಕೋರ್ಸಿಗೆ ಸೇರಿದೆ. ಎರಡನೇ ದಿನವೇ ನನ್ನ ಪಾಠ. ಎದುರಿಗೆ ಹನ್ನೆರಡು ಜನ ವಯಸ್ಕ ಥಾಯ್ ವಿದ್ಯಾರ್ಥಿಗಳು, ಹಿಂದಿನ ಸಾಲಿನಲ್ಲಿ ನನ್ನ ಜೊತೆಯ ಟ್ರೈನಿಗಳು, ಮೂಲೆಯಲ್ಲಿ ಟ್ಯೂಟರ್. ಆಕೆ ಒಂದು ಮಾತೂ ಆಡಲಿಲ್ಲ. ಸುಮ್ನೆ ಬರೆಯುತ್ತಾ ಕೂತಿದ್ದಳು. ಪಾಠ ಮುಗಿದ ಮೇಲೆ ಹಾಳೆ ತೋರಿಸಿದಳು. ನಲವತ್ತು ನಿಮಿಷದಲ್ಲಿ ಇಪ್ಪತ್ತೊಂಬತ್ತು ನಿಮಿಷ ನಾನೇ ಮಾತಾಡಿದ್ದೆ. ಅರ್ಥ ಆಯ್ತಾ ಅಂತ ಹದಿನಾಲ್ಕು ಸಲ ಕೇಳಿದ್ದೆ. ‘ಹದಿನಾಲ್ಕು ಸಲವೂ ಹೌದು ಅಂದರು. ಅದರಿಂದ ನಿನಗೆ ಏನು ಗೊತ್ತಾಯಿತು?’ ಅಂತ ಕೇಳಿದಳು.

ಬಾತ್‌ರೂಮಿಗೆ ಹೋಗಿ ಅತ್ತೆ. ಸೆಲ್ಟಾ ಮಾಡಿದವರಲ್ಲಿ ಅಳದವರು ಕಡಿಮೆ, ಅದು ಬೇರೆ ಮಾತು.

ಆಮೇಲೆ ಆಕೆ ಕಲಿಸಿದ್ದು ಸಣ್ಣ ಸಂಗತಿ. ‘ಹಿ ಯೂಸ್ಡ್ ಟು ಲಿವ್ ಇನ್ ಮೈಸೂರ್’ ಅಂತ ಹೇಳಿಕೊಟ್ಟ ಮೇಲೆ ಅರ್ಥ ಆಯ್ತಾ ಅನ್ನಬಾರದು. ಅವನು ಈಗ ಮೈಸೂರಲ್ಲಿ ಇದ್ದಾನಾ? ಇಲ್ಲ. ಮೊದಲು ಇದ್ದನಾ? ಹೌದು. ಒಂದೇ ದಿನ ಇದ್ದನಾ, ಬಹಳ ಕಾಲ ಇದ್ದನಾ? ಬಹಳ ಕಾಲ. ಈ ಮೂರು ಪ್ರಶ್ನೆಗೆ ಸರಿ ಉತ್ತರ ಬಂದರೆ ಅರ್ಥವಾಗಿದೆ. ಇದಕ್ಕೆ ಕಾನ್ಸೆಪ್ಟ್ ಚೆಕಿಂಗ್ ಅಂತ ಹೆಸರು. ಯೂಟ್ಯೂಬಿನಲ್ಲಿ ಹತ್ತು ನಿಮಿಷಕ್ಕೆ ತಿಳಿಯುವ ವಿಷಯ ಇದು. ಆದರೆ ನಾನು ಅದನ್ನು ಮಾಡುತ್ತಿಲ್ಲ ಅಂತ ತಿಳಿಯಲು ನನ್ನ ಬೆನ್ನ ಹಿಂದೆ ಒಬ್ಬಳು ಕೂತು ಎಣಿಸಬೇಕಾಯಿತು. ಮೂರು ವರ್ಷ ಯಾರೂ ಕೂತಿರಲಿಲ್ಲ.

ನಿನ್ನ 5,999ರ ಕೋರ್ಸಿಗೆ ಈ ಒಂದೇ ಪ್ರಶ್ನೆ ಕೇಳು: ನಾನು ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಯಾರು ಕೂತು ನೋಡುತ್ತಾರೆ, ಎಷ್ಟು ಗಂಟೆ? ಸೆಲ್ಟಾದಲ್ಲಿ ಕನಿಷ್ಠ ಆರು ಗಂಟೆ. ಆ ಆರು ಗಂಟೆ ಪಾಠವನ್ನು ಟ್ಯೂಟರ್ ನೋಡಿ ಅಂಕ ಹಾಕುತ್ತಾರೆ, ವಿದ್ಯಾರ್ಥಿಗಳು ಎರಡು ಬೇರೆ ಬೇರೆ ಮಟ್ಟದವರಿರಬೇಕು. ಜೊತೆಗೆ ನಾಲ್ಕು ಬರಹದ ಅಸೈನ್‌ಮೆಂಟು, ಅನುಭವಿಗಳ ಪಾಠ ನೋಡುವ ಆರು ಗಂಟೆ. ಒಟ್ಟು 120 ಗಂಟೆ. ಜಾಹೀರಾತಿನಲ್ಲೂ 120, ಇಲ್ಲೂ 120. ಸಂಖ್ಯೆ ಒಂದೇ, ಸರಕು ಬೇರೆ. ವಿಡಿಯೋ ನೋಡಿ, ಕೆಳಗೆ ನಾಲ್ಕರಲ್ಲಿ ಒಂದು ಉತ್ತರ ಒತ್ತಿ ಮುಂದೆ ಹೋಗುವ ಕೋರ್ಸನ್ನು ನಮ್ಮ ಪರಿಚಯದ ಒಬ್ಬ ಹುಡುಗ ಶನಿವಾರ ಭಾನುವಾರ ಕೂತು ಮುಗಿಸಿದ. ಸರ್ಟಿಫಿಕೇಟಿನಲ್ಲಿ 120 ಗಂಟೆ ಅಂತಲೇ ಇತ್ತು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಟೆಫಲ್, ಟೆಸೋಲ್ ಅನ್ನುವುದು ಯಾವುದೋ ಒಂದು ಪರೀಕ್ಷೆಯ ಹೆಸರಲ್ಲ. ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಕಲಿಸುವ ಕೆಲಸಕ್ಕೇ ಆ ಹೆಸರು. ಯಾರು ಬೇಕಾದರೂ ಟೆಫಲ್ ಸರ್ಟಿಫಿಕೇಟ್ ಅಂತ ಅಚ್ಚು ಹಾಕಿ ಕೊಡಬಹುದು, ‘ಅಂತರರಾಷ್ಟ್ರೀಯ ಮಾನ್ಯತೆ’ ಅಂತ ಚಿನ್ನದ ಬಣ್ಣದ ಮುದ್ರೆ ಒತ್ತಬಹುದು. ಆದರೆ ಸೆಲ್ಟಾ ಕೇಂಬ್ರಿಜ್‌ನದು, ಸರ್ಟ್‌ಟೆಸೋಲ್ ಲಂಡನ್ನಿನ ಟ್ರಿನಿಟಿ ಕಾಲೇಜಿನದು. ಬ್ರಿಟನ್ನಿನ ಅರ್ಹತೆಗಳ ಪಟ್ಟಿಯಲ್ಲಿ ಎರಡೂ ಐದನೇ ಹಂತದಲ್ಲಿವೆ. ಅಲ್ಲಿನ ಸರ್ಕಾರಿ ಸಂಸ್ಥೆ ಆಫ್‌ಕ್ವಾಲ್ ಇಟ್ಟಿರುವ ಪಟ್ಟಿ ಆನ್‌ಲೈನಲ್ಲಿ ಯಾರಿಗೂ ಸಿಗುತ್ತದೆ, ಜಾಹೀರಾತಿನ ಹೆಸರು ಅದರಲ್ಲಿದೆಯಾ ಹುಡುಕಿ ನೋಡು. ಟ್ರಿನಿಟಿಯದರಲ್ಲಿ ನನಗೆ ಇಷ್ಟವಾದ ಭಾಗ ಒಂದಿದೆ. ನಿನಗೆ ಒಂದಕ್ಷರವೂ ಬಾರದ ಭಾಷೆಯನ್ನು ಆ ಭಾಷೆಯಲ್ಲೇ ಕೆಲವು ಗಂಟೆ ಕಲಿಸುತ್ತಾರೆ, ಆ ಅನುಭವವನ್ನು ನೀನು ಬರೆದು ಒಪ್ಪಿಸಬೇಕು. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಎಂಟನೆಯದರಲ್ಲಿ ಇಂಗ್ಲಿಷ್ ಕಡಲಿಗೆ ಬಿದ್ದ ನಿನಗೆ ಆ ಅನುಭವ ಹೊಸದಲ್ಲ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಥಾಯ್ ಮಾತಿನಲ್ಲಿ ಪದದ ಕೊನೆಗೆ ‘ಸ್’ ನಿಲ್ಲುವುದಿಲ್ಲ. ಬಸ್ ಅನ್ನುವುದು ‘ಬತ್’ ಥರ ಕೇಳುತ್ತದೆ, ಟೆನ್ನಿಸ್ ಹೋಗಿ ‘ಥೆನ್ನಿತ್’ ಆಗುತ್ತದೆ. ನನ್ನ ಜೊತೆಯಿದ್ದ ಲಂಡನ್ನಿನ ಹುಡುಗನಿಗೆ ಇದು ಯಾಕೆ ಅಂತಲೇ ಹೊಳೆಯಲಿಲ್ಲ, ಜೋರಾಗಿ ಬಸ್ ಬಸ್ ಅಂತ ಕೂಗುತ್ತಿದ್ದ. ನನಗೆ ಥಟ್ಟಂತ ಹೊಳೆಯಿತು, ಯಾಕೆಂದರೆ ನಾವು ಅದೇ ಜಾಗದಲ್ಲಿ ತಿರುಗಾಮುರುಗಾ ಮಾಡುತ್ತೇವೆ. ಬಸ್ಸು, ಕಾರು, ರೋಡು. ಅವರು ಕೊನೆಯನ್ನು ಕತ್ತರಿಸುತ್ತಾರೆ, ನಾವು ಬಾಲ ಅಂಟಿಸುತ್ತೇವೆ. ಇನ್ನು ಥಾಯ್‌ನಲ್ಲಿ ಕಾಲಕ್ಕೆ ತಕ್ಕ ಹಾಗೆ ಕ್ರಿಯಾಪದ ಬದಲಾಗುವುದಿಲ್ಲ. ‘ಯೆಸ್ಟರ್‌ಡೇ ಐ ಗೋ’ ಅಂದರೆ ಅವರ ಪಾಲಿಗೆ ಪೂರ್ತಿ ಸರಿ, ‘ಯೆಸ್ಟರ್‌ಡೇ’ ಅಂತ ಆಗಲೇ ಹೇಳಿಯಾಯಿತಲ್ಲ! ‘ಎ’, ‘ದಿ’ ಎಲ್ಲಿ ಹಾಕಬೇಕು ಅಂತ ಒದ್ದಾಡಿ ಕಲಿತವಳು ನೀನು. ಆ ಒದ್ದಾಟವನ್ನು ಹೆಸರಿಟ್ಟು ಹೇಳಲು ಬಂದರೆ ಅದೇ ನಿನ್ನ ಬಂಡವಾಳ. ನಮ್ಮ ತಪ್ಪುಗಳನ್ನೂ ಟ್ಯೂಟರ್ ಬಿಡಲಿಲ್ಲ ಅನ್ನು. ನಾನು ‘ಎಂಡ್’ ಅನ್ನುವುದನ್ನು ‘ಯೆಂಡ್’ ಅಂತಲೂ, ‘ಓನ್ಲಿ’ಯನ್ನು ‘ವೋನ್ಲಿ’ ಅಂತಲೂ ಹೇಳುತ್ತೇನೆ ಅಂತ ನನಗೆ ಮೂವತ್ತೊಂದನೇ ವಯಸ್ಸಿನಲ್ಲಿ ಗೊತ್ತಾಯಿತು.

ಈಗ ದುಡ್ಡಿನ ಮಾತು. ಸೆಲ್ಟಾಗೆ ಒಂದು ಲಕ್ಷಕ್ಕೆ ಮೇಲೆಯೇ ಬೀಳುತ್ತದೆ, ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸ ಇದೆ. ಪೂರ್ತಿ ಸಮಯ ಕೊಟ್ಟರೆ ನಾಲ್ಕೈದು ವಾರ, ಆ ವಾರಗಳಲ್ಲಿ ಬೇರೆ ಯಾವ ಕೆಲಸವೂ ಆಗುವುದಿಲ್ಲ, ನಿದ್ದೆಯೂ ಸೇರಿ. 2020ರಲ್ಲಿ ಕೋವಿಡ್ ಬಂದಾಗ ಕೇಂಬ್ರಿಜ್ ಪೂರ್ತಿ ಆನ್‌ಲೈನ್ ಸೆಲ್ಟಾಗೆ ಒಪ್ಪಿಗೆ ಕೊಟ್ಟಿತು. ಅದು ಈಗಲೂ ಇದೆ. ನಾನು ಹೊರಟ ಕಾಲಕ್ಕೆ ಬೇರೆ ಊರಿಗೆ ಹೋಗಿ ರೂಮು ಮಾಡಿ ಇರಬೇಕಿತ್ತು. ನೀನು ವಿಜಯನಗರದ ಮನೆಯಲ್ಲೇ ಕೂತು ಪಾರ್ಟ್‌ಟೈಮ್ ಮಾಡಬಹುದು, ಸರ್ಟಿಫಿಕೇಟ್ ಅದೇ. ಕೊರತೆ ಏನೆಂದರೆ ಆನ್‌ಲೈನಿನಲ್ಲಿ ಕಲಿಯುವವರು ಪರದೆಯ ಮೇಲಿನ ಹತ್ತು ಚೌಕ. 46 ಮಕ್ಕಳ ಗಲಾಟೆ ಅಲ್ಲಿಲ್ಲ. ಸೆಲ್ಟಾವೇ ಮುಖ್ಯವಾಗಿ ವಯಸ್ಕರಿಗೆ ಕಲಿಸುವ ತರಬೇತಿ. ಶಾಲೆಯಲ್ಲಿ ಮೂರು ವರ್ಷ ನಿಂತ ನಿನಗೆ ಆ ಭಾಗ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಸೇರಿಸಿಕೊಳ್ಳುವ ಮೊದಲು ಒಂದು ವ್ಯಾಕರಣದ ಟಾಸ್ಕ್ ಕೊಡುತ್ತಾರೆ, ಸಂದರ್ಶನ ಮಾಡುತ್ತಾರೆ. ತಯಾರಿ ಇಲ್ಲದೆ ಹೋಗಬೇಡ. ಅಷ್ಟು ದುಡ್ಡು ಈಗ ಇಲ್ಲ ಅಂದರೆ ಕೇಂಬ್ರಿಜ್‌ನದೇ ಟಿಕೆಟಿ ಅನ್ನುವ ಪರೀಕ್ಷೆ ಇದೆ. ಒಂದೊಂದು ಮಾಡ್ಯೂಲಿಗೆ 80 ಪ್ರಶ್ನೆ, 80 ನಿಮಿಷ, ಸರಿ ಉತ್ತರ ಗುರುತಿಸುವುದಷ್ಟೇ. ಪಾಠ ಮಾಡಿ ತೋರಿಸುವುದು ಇದರಲ್ಲಿ ಇಲ್ಲ, ಹಾಗಾಗಿ ಇದು ಸೆಲ್ಟಾಗೆ ಸಾಟಿ ಅಲ್ಲ. ಆದರೆ ಅದಕ್ಕೆ ಓದುವ ನೆಪದಲ್ಲಿ ಪದಗಳೆಲ್ಲ ಬಾಯಿಗೆ ಬರುತ್ತವೆ, ಮುಂದೆ ಸಂದರ್ಶನಕ್ಕೆ ಆಗುತ್ತದೆ. ಹೈದರಾಬಾದಿನ ಇಫ್ಲು, ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ದೂರಶಿಕ್ಷಣದಲ್ಲಿ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟ್ ನಡೆಸುತ್ತಾ ಬಂದಿದೆ. 1958ರಲ್ಲಿ ಶುರುವಾದ ಸಂಸ್ಥೆ, ಇಂಗ್ಲಿಷ್ ಮೇಷ್ಟ್ರುಗಳಿಗಾಗಿಯೇ ಹುಟ್ಟಿದ್ದು. ಇನ್ನು ನಮ್ಮ ಊರಲ್ಲೇ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಇದೆ. ಅಲ್ಲಿ ಹೆಚ್ಚಾಗಿ ದಕ್ಷಿಣದ ರಾಜ್ಯಗಳು ಕಳಿಸುವ ಸರ್ಕಾರಿ ಶಾಲೆ ಟೀಚರುಗಳಿಗೆ ತರಬೇತಿ. ನಿನ್ನಂಥ ಖಾಸಗಿ ಶಾಲೆಯವರಿಗೆ ಯಾವ ಕೋರ್ಸ್ ಇದೆ ಅಂತ ಒಂದು ದಿನ ಹೋಗಿ ವಿಚಾರಿಸಿಕೊಂಡು ಬಾ. ಮೆಟ್ರೋ ಇಳಿದರೆ ಹತ್ತಿರ, ಫೋನಿನಲ್ಲಿ ಆಗುವ ಕೆಲಸ ಅಲ್ಲ ಅದು. ಬ್ರಿಟಿಷ್ ಕೌನ್ಸಿಲ್‌ನ ಟೀಚಿಂಗ್‌ಇಂಗ್ಲಿಷ್‌ನಲ್ಲಿ ಪುಕ್ಕಟೆ ಕೋರ್ಸುಗಳಿವೆ. 5,999 ಕೊಡುವ ಮೊದಲು ಅವನ್ನು ಮಾಡಿ ನೋಡು, ಅದೇ ಸರಕು ಸುಮ್ನೆ ಸಿಗುತ್ತದೆ.

ಹಾಗಾದರೆ 5,999ರ ಕಾಗದ ಪೂರ್ತಿ ದಂಡವಾ? ಅಲ್ಲ. ವಿಯೆಟ್ನಾಮಿನ ಕೆಲಸದ ಪರ್ಮಿಟ್ಟಿಗೆ ಡಿಗ್ರಿ ಜೊತೆ ಕಲಿಸುವ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ಆರೋಗ್ಯ ತಪಾಸಣೆ ಕೇಳುತ್ತಾರೆ, ಅಲ್ಲಿ ಇಂಥ ಕಾಗದ ತೋರಿಸಿಯೇ ಎಷ್ಟೋ ಜನ ಒಳಗೆ ಹೋಗಿದ್ದಾರೆ. ಅದು ಕಚೇರಿಯ ಫೈಲಿಗೆ ಹಾಕುವ ಕಾಗದ. ಹಾಗಂತ ತಿಳಿದು ಕೊಂಡರೆ ತಪ್ಪಿಲ್ಲ. ಅದನ್ನು ತರಬೇತಿ ಅಂತ ತಿಳಿದು ಕೊಂಡರೆ ನನ್ನ ಮೂರು ವರ್ಷದ ಕಥೆ ನಿನ್ನದೂ ಆಗುತ್ತದೆ. ಮಧ್ಯರಾತ್ರಿ ಮುಗಿಯುವ ಆಫರ್ ನಾಳೆ ಬೆಳಗ್ಗೆಯೂ ಇರುತ್ತದೆ, ಚಿಂತೆ ಮಾಡಬೇಡ.

ಬಿ.ಎಡ್. ವಿಷಯಕ್ಕೆ ಬರುತ್ತೇನೆ. ಇದು ನನ್ನ ಹೊಟ್ಟೆಕಿಚ್ಚಿನ ಜಾಗ. ಥಾಯ್ಲೆಂಡಿನಲ್ಲಿ ಶಾಲಾ ಟೀಚರುಗಳಿಗೆ ಲೈಸೆನ್ಸ್ ಕೊಡುವ ಮಂಡಳಿಯ ಹೆಸರು ಖುರುಸಪಾ. ಒಡೆದು ನೋಡು, ಗುರುಸಭಾ. ಟೀಚರಿಗೆ ಅವರು ಖ್ರೂ ಅಂತಾರೆ, ಅದೂ ಗುರುವೇ. ಲೈಸೆನ್ಸ್ ಇಲ್ಲದವರಿಗೆ ಈ ಗುರುಸಭೆ ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಡುತ್ತದೆ. ಅದು ಮುಗಿಯುತ್ತಾ ಬಂದ ಹಾಗೆ ಶಾಲೆಯ ಆಫೀಸಿನವರು ನಿನ್ನನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ. ಮುಂದಿನ ಸಲ ಸಿಗುತ್ತೋ ಇಲ್ಲವೋ ಅಂತ ಪ್ರತಿ ಸಲ ಎದೆ ಡವಡವ. ನನ್ನ ಸ್ಟಾಫ್ ರೂಮಿನಲ್ಲಿ ಫಿಲಿಪ್ಪೀನ್ಸಿನ ಇಬ್ಬರು ಇದ್ದರು. ಅವರು ಊರಲ್ಲೇ ಶಿಕ್ಷಣದಲ್ಲಿ ಡಿಗ್ರಿ ಮಾಡಿ, ಟೀಚರ್ ಲೈಸೆನ್ಸಿನ ಸರ್ಕಾರಿ ಪರೀಕ್ಷೆ ಪಾಸಾಗಿ ಬಂದಿದ್ದರು. ಕಾಗದ ಕೊಟ್ಟರು, ಕಾದರು, ಲೈಸೆನ್ಸ್ ಪಡೆದರು. ನನ್ನ ಸೆಲ್ಟಾ ಅಲ್ಲಿ ನಾಲ್ಕಾಣೆಗೂ ಬೆಲೆ ಬಾಳಲಿಲ್ಲ. ಕೊನೆಗೆ ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಶನಿವಾರ ಭಾನುವಾರ ಹೋಗಿ ಶಿಕ್ಷಣದ ಡಿಪ್ಲೊಮಾ ಮಾಡಿದೆ. ಒಂದು ವರ್ಷಕ್ಕೂ ಮೇಲೆ ವಾರದ ಏಳೂ ದಿನ ಕೆಲಸ. ಬೆಂಗಳೂರಲ್ಲಿ ಬಿ.ಎಡ್. ಮಾಡಿದ್ದರೆ ಈ ಪಾಡು ಇರಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು. ಎರಡು ವರ್ಷ ಹೊರಗಿದ್ದು, ನಾಲ್ಕು ಊರು ನೋಡಿ, ವಾಪಸ್ ಬರುವ ಯೋಚನೆ ಇದ್ದರೆ ಸೆಲ್ಟಾ ಸಾಕು, ಬಿ.ಎಡ್.ಗೆ ಎರಡು ವರ್ಷ ಕಳೆಯಬೇಡ. ಟೀಚರಾಗಿಯೇ ಬಾಳುವ ಯೋಚನೆ ಇದ್ದರೆ ಬಿ.ಎಡ್. ಮೊದಲು. ಎನ್‌ಸಿಟಿಇ (ಟೀಚರ್ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಕಾಲೇಜು ಅಂತ ನೋಡಿಕೋ. ಕೊಲ್ಲಿ ದೇಶಗಳ ಶಾಲೆಗಳಲ್ಲಿ ಅಂತೂ ಬಿ.ಎಡ್. ಇಲ್ಲದೆ ಮಾತೇ ಮುಂದುವರಿಯುವುದಿಲ್ಲ. ನಿನ್ನನ್ನು ನೋಡಿದರೆ ಎರಡನೇ ಥರದವಳು ಅನ್ನಿಸುತ್ತದೆ. ಮೂರು ವರ್ಷ ಆ ಸಂಬಳಕ್ಕೆ ಶಾಲೆಯಲ್ಲಿ ನಿಂತವಳು ಸುಮ್ನೆ ಊರು ನೋಡಲು ಹೋಗುವವಳಲ್ಲ.

ಯಾವ ಸರ್ಟಿಫಿಕೇಟಿನಿಂದಲೂ ಅಳಿಸಲಾಗದ ಒಂದು ವಿಷಯವೂ ಇದೆ, ನಿನ್ನ ಪಾಸ್‌ಪೋರ್ಟಿನ ಬಣ್ಣ. ದಕ್ಷಿಣ ಕೊರಿಯಾದ ಇಂಗ್ಲಿಷ್ ಟೀಚರ್ ವೀಸಾ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಿಂದ ನಮಗೆ ಒಂದು ಕಿಂಡಿ ತೆರೆದಿದೆ, ಆದರೆ ಇಂಗ್ಲಿಷ್ ಡಿಗ್ರಿ ಜೊತೆ ಟೀಚರ್ ಅರ್ಹತೆ ಇರಬೇಕು, ಅದೂ ಸಹಾಯಕ ಟೀಚರ್ ಕೆಲಸಕ್ಕೆ. ಜಪಾನಿನಲ್ಲಿ ಶಾಲೆಯಲ್ಲಿ ಭಾಷೆ ಕಲಿಸುವ ವೀಸಾಗೆ ಆ ಭಾಷೆಯಲ್ಲೇ 12 ವರ್ಷ ಓದಿರಬೇಕು. ಎಂಟನೇ ಕ್ಲಾಸಿನಿಂದ ಬಿ.ಎ.ವರೆಗೆ ಎಣಿಸಿದರೆ ನಿನಗೆ ಎಂಟೇ ವರ್ಷ ಆಗುತ್ತದೆ, ನೋಡಿಕೋ. ಥಾಯ್ಲೆಂಡಿನಲ್ಲಿ ಕನ್ನಡ ಮೀಡಿಯಂ ಅಂತ ಯಾರೂ ಕೇಳುವುದಿಲ್ಲ. ಐಇಎಲ್‌ಟಿಎಸ್ ಇಲ್ಲಾ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ. ಟೋಯಿಕ್‌ನಲ್ಲಿ 990ಕ್ಕೆ 600 ಇದ್ದರೆ ಬಹಳ ಶಾಲೆಗಳಿಗೆ ಸಾಕು. ಐಇಎಲ್‌ಟಿಎಸ್ ಫಲಿತಾಂಶಕ್ಕೆ ಎರಡೇ ವರ್ಷ ಆಯಸ್ಸು, ಹಾಗಾಗಿ ಹೊರಡುವ ಮುಂಚೆ ಬರಿ, ಈಗಲೇ ಬರೆದು ಕೂರಬೇಡ.

ಸಂಬಳದಲ್ಲೂ ಭೇದ ಇದೆ. ನನ್ನ ಮೊದಲ ಸಂಬಳ 18,000 ಬಾತ್, ಥಾಯ್ ದುಡ್ಡಿನ ಲೆಕ್ಕ. ಪಕ್ಕದ ಕ್ಲಾಸಿನ ಬಿಳಿ ಹುಡುಗನಿಗೆ, ಡಿಗ್ರಿ ಮುಗಿಸಿ ಆರು ತಿಂಗಳಾಗಿತ್ತು, 30,000. ಪ್ರಪಂಚದ ದೊಡ್ಡ ಟೀಚರುಗಳ ಸಂಘ ಟೆಸೋಲ್ ಇಂಟರ್‌ನ್ಯಾಷನಲ್ 2006ರಲ್ಲೇ ಈ ಭೇದ ತಪ್ಪು ಅಂತ ಹೇಳಿಕೆ ಕೊಟ್ಟಿದೆ. ಜಾಹೀರಾತಿನಲ್ಲಿ ಮಾತ್ರ ‘ನೇಟಿವ್ ಸ್ಪೀಕರ್’ ಅಂತ ಬರುವುದು ನಿಂತಿಲ್ಲ. ಅಂಥ ಕಡೆ ಅರ್ಜಿ ಹಾಕಿ ಮನಸ್ಸು ಕೆಡಿಸಿಕೊಳ್ಳಬೇಡ. ಡೆಮೊ ಪಾಠ ಮಾಡಿಸಿ ನೋಡಿ ತಗೊಳ್ಳುವ ಶಾಲೆಗಳೂ ಇವೆ, ಆ ಅರ್ಧ ಗಂಟೆಯಲ್ಲಿ ಸೆಲ್ಟಾ ಕೈ ಹಿಡಿಯುತ್ತದೆ. ನನ್ನ ಈಗಿನ ಕೆಲಸ ಸಿಕ್ಕಿದ್ದು ಹಾಗೆ.

ಕಾಗದಪತ್ರ. ಇದನ್ನು ಹಗುರವಾಗಿ ತಗೊಳ್ಳಬೇಡ. ನಮ್ಮ ಕಡೆಯವರಿಗೆ ಒಂದು ವಿಶೇಷ ಕಷ್ಟ ಇದೆ, ಇನಿಷಿಯಲ್ಲು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಹಿಂದೆ ಎರಡು ಅಕ್ಷರ, ಡಿಗ್ರಿಯಲ್ಲಿ ಹೆಸರಿನ ಮುಂದೆ ಒಂದು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ನಮಗೆ ಮೂರೂ ಒಬ್ಬಳೇ. ಥಾಯ್ ಕಚೇರಿಯ ಹೆಣ್ಣುಮಗಳಿಗೆ ಮೂರು ಜನ. ‘ಇದರಲ್ಲಿ ಡಿಗ್ರಿ ಯಾರದು?’ ಅಂತ ಬಹಳ ಮರ್ಯಾದೆಯಿಂದ ಕೈ ಮುಗಿದು ಕೇಳಿದಳು. ಅಲ್ಲಿಂದ ಅಪ್ಪನಿಗೆ ಫೋನು, ಅಪ್ಪ ಬಿಸಿಲಲ್ಲಿ ನೋಟರಿ ಹತ್ತಿರ ಓಡಾಟ, ಮೂರೂ ಹೆಸರು ಒಬ್ಬಳದೇ ಅಂತ ಅಫಿಡವಿಟ್ಟು, ಅದು ಅಂಚೆಯಲ್ಲಿ ಬರುವಷ್ಟರಲ್ಲಿ ಒಂದು ತಿಂಗಳ ಸಂಬಳ ಹೋಯಿತು. ನೀನು ಹೊರಡುವ ಮೊದಲೇ ಎಲ್ಲ ಕಾಗದ ನೆಲದ ಮೇಲೆ ಹರಡಿ ಹೆಸರು ಅಕ್ಷರ ಅಕ್ಷರ ಹೋಲಿಸು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅದನ್ನೂ ಸರಿ ಮಾಡಿಸು. ಡಿಗ್ರಿ ಸರ್ಟಿಫಿಕೇಟಿಗೆ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆಯದು, ಆಮೇಲೆ ಆ ದೇಶದ ದೂತಾವಾಸ ಏನು ಕೇಳುತ್ತದೋ ಅದು. ಪೊಲೀಸ್ ಕ್ಲಿಯರೆನ್ಸಿಗೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ತಗೋ, ಶುಲ್ಕ 500 ರೂಪಾಯಿ. ತೀರಾ ಮುಂಚೆ ಮಾಡಿಸಿದರೆ ಹಳೆಯದು ಅಂತ ವಾಪಸ್ ಕೊಡುತ್ತಾರೆ.

ಏಜೆಂಟುಗಳ ಬಗ್ಗೆ ಎರಡೇ ಮಾತು. ‘ಟೂರಿಸ್ಟ್ ಆಗಿ ಬನ್ನಿ, ಇಲ್ಲಿ ವರ್ಕ್ ಪರ್ಮಿಟ್ ಮಾಡಿಸ್ತೀವಿ’ ಅಂದರೆ ಫೋನು ಇಟ್ಟುಬಿಡು. ಪರ್ಮಿಟ್ ಇಲ್ಲದೆ ಕ್ಲಾಸಿನಲ್ಲಿ ನಿಂತರೆ ಸಿಕ್ಕಿಬೀಳುವುದು ನೀನು, ಅವನಲ್ಲ. ಭಾರತದಲ್ಲಿ ಹೊರದೇಶದ ಕೆಲಸಕ್ಕೆ ಕಳಿಸುವ ಏಜೆಂಟು 1983ರ ವಲಸೆ ಕಾಯ್ದೆಯ ಕೆಳಗೆ ನೋಂದಣಿ ಮಾಡಿಸಿರಬೇಕು, 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಸೇವಾಶುಲ್ಕ ತಗೊಳ್ಳುವಂತಿಲ್ಲ. ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹೆಸರು ಹುಡುಕಿ ನೋಡು. ಹೆದರಿಸಲು ಹೇಳುತ್ತಿಲ್ಲ. 2025ರ ಮಾರ್ಚಿನಲ್ಲಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಅಡ್ಡೆಗಳಿಂದ ಬಿಡಿಸಿದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ವಾಪಸ್ ಕರೆತಂದರು. ಬ್ಯಾಂಕಾಕಿನಲ್ಲಿ ಒಳ್ಳೆಯ ಕೆಲಸ ಅಂತ ನಂಬಿ ಬಂದವರು ಅವರಲ್ಲಿ ಎಷ್ಟೋ ಜನ. ಶಾಲೆಗೆ ನೀನೇ ಫೋನು ಮಾಡಿ, ಅಲ್ಲಿ ಈಗ ಇರುವ ಒಬ್ಬ ವಿದೇಶಿ ಟೀಚರ್ ಜೊತೆ ಮಾತಾಡದೆ ಟಿಕೆಟ್ ಕೊಳ್ಳಬೇಡ.

ಊಟದ ಬಗ್ಗೆ ನೀನು ಕೇಳಿಲ್ಲ, ಅಮ್ಮ ಕೇಳುತ್ತಾರೆ. ಸಸ್ಯಾಹಾರಿ ಆದರೆ ‘ಜೇ’ ಅನ್ನುವ ಪದ ಕಲಿತುಕೋ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತದೆ, ಅಲ್ಲಿ ಮೀನಿನ ಸಾಸ್ ಕೂಡ ಹಾಕುವುದಿಲ್ಲ. ಆದರೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಹಾಗಾಗಿ ಸಾರಿನ ಪುಡಿ ಒಯ್ಯುವುದು ಒಳ್ಳೆಯದು.

ಅಲ್ಲಿ ಹೋದ ಮೇಲೆ ಕಲಿಯುವ ದಾರಿ ಪೂರ್ತಿ ಮುಚ್ಚಿರುವುದಿಲ್ಲ. ಥಾಯ್ಲೆಂಡ್ ಟೆಸೋಲ್ ಅನ್ನುವ ಟೀಚರುಗಳ ಸಂಘ ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುತ್ತದೆ, ರಾತ್ರಿ ಬಸ್ಸು ಹಿಡಿದಾದರೂ ಹೋಗು. ಕೆಲವು ವರ್ಷ ಆದ ಮೇಲೆ ಸೆಲ್ಟಾದ ಮುಂದಿನ ಮೆಟ್ಟಿಲು ಡೆಲ್ಟಾ ಇದೆ, ಮೂರು ಮಾಡ್ಯೂಲು, ಒಂದೊಂದಾಗಿ ಮಾಡಬಹುದು. ಮೊದಲನೆಯದು ಬರೀ ಪರೀಕ್ಷೆ, ಮನೆಯಲ್ಲೇ ಓದಿಕೊಂಡು ಹೋಗಿ ಬರೆಯಬಹುದು. ನಾನು ಎರಡು ಮುಗಿಸಿದ್ದೇನೆ, ಪಾಠ ನೋಡಿ ಅಂಕ ಹಾಕುವ ಎರಡನೆಯ ಮಾಡ್ಯೂಲು ಬಾಕಿ. ನಲವತ್ತು ದಾಟಿದ ಮೇಲೆ ಮತ್ತೆ ಯಾರೋ ಮೂಲೆಯಲ್ಲಿ ಕೂತು ಎಣಿಸುವುದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಲಸುತ್ತದೆ. ಊರಲ್ಲಿ ತರಬೇತಿ ಪಡೆದವರು ಇಲ್ಲದಿದ್ದರೆ ಪಕ್ಕದ ಕ್ಲಾಸಿನವರನ್ನೇ ಕರೆದು ಕೂರಿಸಿಕೋ. ಸೆಲ್ಟಾ ಆದ ಮೇಲೆ ನಾನೂ ಆ ಫಿಲಿಪ್ಪೀನ್ಸಿನವರೂ ಶುಕ್ರವಾರ ಒಬ್ಬರ ಪಾಠದಲ್ಲಿ ಒಬ್ಬರು ಕೂರುತ್ತಿದ್ದೆವು. ಮೊದಲ ತಿಂಗಳು ಬರೀ ಹೊಗಳಿಕೆ, ಎರಡನೇ ತಿಂಗಳಿನಿಂದ ನಿಜ ಹೇಳಲು ಶುರು ಮಾಡಿದೆವು.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ ನೋಡು. ನಿನ್ನ ಈಗಿನ ಕ್ಲಾಸಿನಲ್ಲಿ ಕಷ್ಟ ಬಂದಾಗ ಕನ್ನಡ ಇದೆ. ‘ಇದು ಹೀಗೆ ಕಣೋ’ ಅಂದರೆ ಮುಗಿಯಿತು. ಅಲ್ಲಿ ಆ ಊರುಗೋಲು ಇರುವುದಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದ ಸೆಕ್ಯೂರಿಟಿ ಹುಡುಗರು ಇರುತ್ತಾರಲ್ಲ. ಸಂಜೆ ಅರ್ಧ ಗಂಟೆ ಅವರಿಗೆ ಇಂಗ್ಲಿಷ್ ಕಲಿಸು, ಕನ್ನಡವೂ ಇಲ್ಲದೆ ಹಿಂದಿಯೂ ಇಲ್ಲದೆ. ಬರೀ ಕೈ, ಚಿತ್ರ, ವಸ್ತು, ಇಂಗ್ಲಿಷ್. ‘ಡೆಲಿವರಿ’, ‘ವಿಸಿಟರ್’, ‘ಹೂಮ್ ಡು ಯು ವಾಂಟ್ ಟು ಸೀ’. ಫೋನು ಗೋಡೆಗೆ ಒರಗಿಸಿ ರೆಕಾರ್ಡ್ ಮಾಡು. ರಾತ್ರಿ ಅದನ್ನು ನೋಡಿ ನೀನು ಎಷ್ಟು ನಿಮಿಷ ಮಾತಾಡಿದೆ, ಅವರು ಎಷ್ಟು ಅಂತ ಎಣಿಸು. ಒಂದು ತಿಂಗಳು ಇದು ಇಷ್ಟವಾದರೆ ಸೆಲ್ಟಾಗೆ ದುಡ್ಡು ಹೊಂದಿಸುವ ಯೋಚನೆ ಮಾಡೋಣ. ಬೇಜಾರಾದರೆ ಒಂದು ಲಕ್ಷ ಉಳಿಯಿತು.

ನಾನು ಮೇ 8ರವರೆಗೆ ಹನುಮಂತನಗರದಲ್ಲೇ ಇರುತ್ತೇನೆ, ಆ ತಿಂಗಳ ನಡುವೆ ಥಾಯ್ಲೆಂಡಿನಲ್ಲಿ ಶಾಲೆ ಶುರು. ಮುಂದಿನ ಭಾನುವಾರ ಗಾಂಧಿ ಬಜಾರಿನ ಕಡೆ ಬರುವುದಾದರೆ ಮಾರ್ಕ್ಸ್ ಕಾರ್ಡು, ಡಿಗ್ರಿ, ಪಾಸ್‌ಪೋರ್ಟು ಮೂರನ್ನೂ ತೆಗೆದುಕೊಂಡು ಬಾ, ಹೆಸರು ಸರಿ ಇದೆಯಾ ಕೂತು ನೋಡೋಣ. ಆ ವಿಡಿಯೋವನ್ನೂ ತಾ. ನಾನು ಮೂಲೆಯಲ್ಲಿ ಕೂತು ಎಣಿಸುತ್ತೇನೆ.